ಮಾವನ ಬಾಯಿ, ಅಳಿಯನ ಕಳ್ಳಿ

ನನ್ನ ಚಿಕ್ಕಪ್ಪ, ಅಂದರೆ ಅಮ್ಮನ ತಂಗಿಯ ಗಂಡ, ಹಲ್ಲು ಕಟ್ಟುವವರು. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿಟ್ಟು ಕಳಿಸುತ್ತಾರೆ. ಚಿಕ್ಕಪ್ಪ ಆ ಅಚ್ಚಿನ ಮೇಲೆ ಮೇಣದಲ್ಲಿ ಒಸಡು ತಿದ್ದಿ, ಹಲ್ಲು ಜೋಡಿಸಿ, ಮೇಣದ ಜಾಗಕ್ಕೆ ಅಕ್ರಿಲಿಕ್ ತುಂಬಿ ಬೇಯಿಸಿ, ಅರದಿಂದ ಉಜ್ಜಿ, ಹೊಳಪು ಕೊಟ್ಟು, ನೀರು ತುಂಬಿದ ಡಬ್ಬಿಯಲ್ಲಿ ವಾಪಸ್ ಕಳಿಸುತ್ತಾರೆ. ಬಾಯಿ ಅವರ ಹತ್ತಿರ ಬರುವುದಿಲ್ಲ. ಬಾಯಿಯ ಯಜಮಾನರೂ ಬರುವುದಿಲ್ಲ.

ಇದೊಂದು ಅವರಿಗೆ ಕೊರಗು. "ತಲೆ ಬೆಳ್ಳಗಾಗೋವರೆಗೂ ಹಲ್ಲು ಮಾಡಿದೀನಿ. ನಾನು ಮಾಡಿದ ಹಲ್ಲು ಊಟ ಮಾಡೋದನ್ನ ಒಂದು ಸಲಾನೂ ನೋಡಿಲ್ಲ ಕಣೇ," ಎನ್ನುತ್ತಿದ್ದರು. ಬಸ್ಸಿನಲ್ಲಿ ಎದುರು ಕೂತ ವಯಸ್ಸಾದವರ ಬಾಯನ್ನೇ ದಿಟ್ಟಿಸುವ ಅಭ್ಯಾಸ ಅವರಿಗೆ ಬಂದದ್ದು ಹೀಗೆ. ಒಮ್ಮೆ ಒಬ್ಬ ಹೆಂಗಸು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಂಡಕ್ಟರನ್ನು ಕರೆದರಂತೆ. ಚಿಕ್ಕಪ್ಪ ಗಾಬರಿಯಲ್ಲಿ, "ತಪ್ಪು ತಿಳೀಬೇಡಿ, ನಿಮ್ಮ ಮುಂದಿನ ನಾಲ್ಕು ಹಲ್ಲು ನನ್ನವು ಅನ್ಸುತ್ತೆ," ಎಂದು ವಿಷಯವನ್ನು ಇನ್ನಷ್ಟು ಕೆಡಿಸಿದರು. ಉಳಿದ ದಾರಿಯನ್ನು ನಡೆದು ಮುಗಿಸಿದರು.

ಕಟ್ಟಿಸಿದ ಹಲ್ಲಿನ ಬಾಯೊಂದು ಮನೆಯಲ್ಲೇ ಇತ್ತು. ಅದು ಅವರ ಮಾವನದು, ಅಂದರೆ ನನ್ನ ತಾತನದು. ಆದರೆ ಅದರೊಳಗಿದ್ದ ಸೆಟ್ಟು ಊರಿನ ಆಚೆ ತುದಿಯಲ್ಲಿ ಬೇರೆ ಯಾರೋ ಮಾಡಿದ್ದು. ತಾತ ಆಕಳಿಸಿದರೆ ಮೇಲಿನ ಸಾಲು ಕೆಳಗೆ ಬೀಳುತ್ತಿತ್ತು. ಅಗಿಯುವಾಗ ಯಾರೋ ಪಕ್ಕದ ಕೋಣೆಯಲ್ಲಿ ಟೈಪ್ ಮಾಡುತ್ತಿರುವ ಹಾಗೆ ಸದ್ದು. ಚಿಕ್ಕಪ್ಪ ಊಟಕ್ಕೆ ಕೂತಾಗಲೆಲ್ಲ ಆ ಟಕಟಕ ಕೇಳಿ ತುತ್ತು ನುಂಗಲಾರದೆ ಒದ್ದಾಡುತ್ತಿದ್ದರು.

"ಮಾವ, ಒಂದೇ ಒಂದು ಸಲ ಅಚ್ಚು ತೆಗೀತೀನಿ. ಇಷ್ಟ ಆಗ್ಲಿಲ್ಲ ಅಂದ್ರೆ ಎಸೆದುಬಿಡಿ."

"ಅಳಿಯಂದಿರೇ, ಮಗಳನ್ನ ಕೊಟ್ಟೆ. ಕೆಲಸಕ್ಕೆ ಅಂತ ಮುಂದಿನ ಕೋಣೆ ಕೊಟ್ಟೆ. ಬಾಯಾದರೂ ನನ್ನ ಹತ್ರ ಇರಲಿ ಬಿಡಿ."

ತಾತ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಸೀಲು ಹಾಕುವುದು, ಸುಳ್ಳು ತೂಕದ ಬಟ್ಟುಗಳನ್ನು ಜಪ್ತಿ ಮಾಡುವುದು ಅವರ ಕೆಲಸ. ನಿವೃತ್ತಿಯಾದರೂ ಅವರ ಕಣ್ಣಿಗೆ ಪ್ರಪಂಚವೆಲ್ಲ ಸೀಲು ಬೀಳದ ತಕ್ಕಡಿಯೇ. ಚಿಕ್ಕಪ್ಪನೋ, ಬಾಡಿಗೆ ಮನೆ ಸಿಗುವವರೆಗೆ ಎಂದು ಬಂದು ಅಲ್ಲೇ ಉಳಿದುಬಿಟ್ಟವರು. ಬಾಡಿಗೆ ಮನೆಗಳು ಸಿಗುತ್ತಲೇ ಇದ್ದವು. ಆದರೆ ಚಿಕ್ಕಪ್ಪನ ಕೆಲಸದ ಪ್ಲಾಸ್ಟರ್ ಎಲ್ಲಾ ಮನೆಗಳ ಕೊಳವೆಯಲ್ಲೂ ಹೋಗಿ ಕಲ್ಲಾಗುತ್ತಿತ್ತು, ಮಾಲೀಕರು ಬಿಡಿಸಿ ವಾಪಸ್ ಕಳಿಸುತ್ತಿದ್ದರು. "ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಾನು ನಡುಮನೆ ಗಿಡ. ನನಗೆ ಅಷ್ಟು ಬೆಲೆಯೂ ಇಲ್ಲ," ಎಂದು ಚಿಕ್ಕಪ್ಪ ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದರು. ಬೀಜ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ನಾನು ಆಗ ಆ ಮನೆಯ ಮಹಡಿಯಲ್ಲಿದ್ದೆ.

ನಿಜವಾದ ಗಿಡವೂ ಒಂದಿತ್ತು. ತಾತ ನಿವೃತ್ತರಾದಾಗ ಅಂಗಡಿಯವರ ಸಂಘ ಅವರಿಗೆ ಕೊಟ್ಟದ್ದು: ಕೆಂಪು ತಲೆಯ ಕಸಿ ಕಳ್ಳಿ. ಅಷ್ಟು ವರ್ಷ ತಮ್ಮನ್ನು ಚುಚ್ಚಿದ ಮನುಷ್ಯನಿಗೆ ಮುಳ್ಳಿನ ಉಡುಗೊರೆ ಕೊಟ್ಟು ಅವರು ಒಳಗೊಳಗೇ ನಕ್ಕಿರಬೇಕು. ತಾತನಿಗೆ ಅದು ಹೊಳೆಯಲಿಲ್ಲ. ಕೆಳಗೆ ಮೂರು ಅಂಚಿನ ಹಸಿರು ಕಾಂಡ, ಅದರ ತುದಿಯಲ್ಲಿ ನಿಂಬೆಹಣ್ಣಿನ ಗಾತ್ರದ, ಏಣು ಏಣಾದ ಕಡುಗೆಂಪು ಗುಂಡು. ತಾತ ಅದನ್ನು ಮುಂದಿನ ಕೋಣೆಯ ಕಿಟಕಿಯಲ್ಲಿ, ಬೆಳಕು ಬಂದು ಬಿಸಿಲು ಬೀಳದ ಮೂಲೆಯಲ್ಲಿ ಇಟ್ಟಿದ್ದರು. ನೀರು ಹಾಕುವುದಕ್ಕೂ ತಕ್ಕಡಿಯೇ. ಮಣ್ಣು ಪೂರ್ತಿ ಒಣಗಿದಾಗ ಕುಂಡ ಎಷ್ಟು ತೂಗುತ್ತದೆ ಎಂದು ನೋಡಿ, ಅಷ್ಟು ಬಟ್ಟುಗಳನ್ನು ಪಕ್ಕಕ್ಕೆ ತೆಗೆದಿಟ್ಟಿದ್ದರು. ಆಗಾಗ ಕುಂಡವನ್ನು ತಟ್ಟೆಯಲ್ಲಿಟ್ಟು ನೋಡುವುದು. ಬಟ್ಟಿಗೆ ಸಮನಾದರೆ ನೀರು, ಇಲ್ಲವಾದರೆ ಇಲ್ಲ. ನೋಡಿದವರು ನಗುತ್ತಿದ್ದರು. ಆದರೆ ಕಳ್ಳಿಗೆ ನೀರು ಹಾಕುವುದಕ್ಕೆ ಇದಕ್ಕಿಂತ ಒಳ್ಳೆಯ ಕ್ರಮ ನನಗೂ ಗೊತ್ತಿಲ್ಲ.

ಒಂದು ಸಂಜೆ ತಾತ ಕೇಳಿದರು, "ಪುಟ್ಟಿ, ನೀನು ಓದಿದವಳು. ಇದರ ತಲೆ ಯಾಕೆ ಕೆಂಪು?"

ನಾನು ವಿವರಿಸಿದೆ. ಗಿಡ ಊಟ ತಯಾರಿಸಿಕೊಳ್ಳುವುದು ತನ್ನಲ್ಲಿರುವ ಹಸಿರಿನಿಂದ. ಆ ಕೆಂಪು ಗುಂಡಿನಲ್ಲಿ ಹಸಿರು ಇಲ್ಲ. ಅದನ್ನು ಅದರ ಪಾಡಿಗೆ ಮಣ್ಣಿಗೆ ಊರಿದರೆ ಸಾಯುತ್ತದೆ. ಅದಕ್ಕೇ ಬೇರೊಂದು ಕಳ್ಳಿಯ ಮೇಲೆ ಕಸಿ ಮಾಡಿ ಕೂರಿಸಿರುತ್ತಾರೆ. ಕೆಳಗಿನದು ದುಡಿಯುತ್ತದೆ, ಮೇಲಿನದು ತಿನ್ನುತ್ತದೆ.

"ಅಂದ್ರೆ ತನ್ನದು ಅಂತ ಬೇರಿಲ್ಲ. ಸಂಪಾದನೆ ಇಲ್ಲ. ಬೇರೆಯವರ ತಲೆ ಮೇಲೆ ಕೂತು ಬಣ್ಣ ಬಣ್ಣವಾಗಿ ಕಾಣಿಸ್ತಾ ಊಟ ಮಾಡೋದು."

"ಹಾಗೇ, ತಾತ."

"ಮನೆ ಅಳಿಯ ಅನ್ನು!"

ಅದೇ ಹೆಸರು ನಿಂತಿತು. "ಮನೆ ಅಳಿಯನಿಗೆ ನೀರು ಆಯ್ತಾ?" "ಮನೆ ಅಳಿಯನ್ನ ಸ್ವಲ್ಪ ಆ ಕಡೆ ಸರಿಸು, ಧೂಳು ಗುಡಿಸ್ಬೇಕು." ಈ ಎರಡನೆಯದನ್ನು ಹೇಳಿದವರು ಚಿಕ್ಕಮ್ಮ, ಅಂದರೆ ಚಿಕ್ಕಪ್ಪನ ಹೆಂಡತಿ. ಚಿಕ್ಕಪ್ಪ ನಕ್ಕು, ಕೆಲಸದ ಮೇಜಿಗೆ ಹೋಗಿ, ಅರದ ಮೋಟಾರನ್ನು ಬೇಕಾದ್ದಕ್ಕಿಂತ ಜೋರಾಗಿ ಓಡಿಸಿದರು.

ತಾತನ ಕಣ್ಣಿನಲ್ಲಿ ಪೊರೆ ಬಂದಿತ್ತು. ಆಪರೇಶನ್ನಿಗೆ ಅವರು ನಮ್ಮ ಅಮ್ಮನ ಮನೆಗೆ ಹೋಗಿ ಕೆಲವು ವಾರ ಇರುವುದೆಂದಾಯಿತು. ಹೊರಡುವ ದಿನ ಚೀಲ ಹಿಡಿದು ಬಾಗಿಲಲ್ಲಿ ನಿಂತು ತಿರುಗಿದರು.

"ಅಳಿಯಂದಿರೇ, ಈ ಅಳಿಯನ್ನ ನಿಮ್ಮ ಕೈಗೆ ಕೊಟ್ಟು ಹೋಗ್ತಿದೀನಿ. ನಾನು ಬರೋವಾಗ ಇದು ಜೀವಂತ ಇದ್ರೆ, ನನ್ನ ಬಾಯಿ ನಿಮ್ಮ ಕೈಗೆ."

"ನಿಜವಾಗ್ಲೂನಾ ಮಾವ?"

"ಸೀಲು ಹಾಕಿದ ಮಾತು."

ಚಿಕ್ಕಪ್ಪ ಆಟೋ ತಿರುವು ದಾಟುವವರೆಗೂ ಕೈ ಬೀಸಿದರು. ಒಳಗೆ ಬಂದವರೇ ತಾತನ ಬಾಯಿಗೆ ಒಪ್ಪುವ ಹಲ್ಲಿನ ಬಣ್ಣ ಯಾವುದೆಂದು ಪಟ್ಟಿ ಹಿಡಿದು ನೋಡತೊಡಗಿದರು. "ಪೂರ್ತಿ ಬಿಳಿ ಬೇಡ. ಸ್ವಲ್ಪ ಹಳದಿ ಇರಲಿ. ಮುಂದಿನದೊಂದು ಚೂರು ವಾರೆ ಕೂರಿಸ್ತೀನಿ. ಎಲ್ಲಾ ನೆಟ್ಟಗಿದ್ರೆ ಯಾರೂ ನಂಬಲ್ಲ."

"ಮೊದ್ಲು ಗಿಡ ನೋಡ್ಕೊಳ್ಳಿ," ಎಂದರು ಚಿಕ್ಕಮ್ಮ.

ಅವರು ನೋಡಿಕೊಂಡರು. ತಕ್ಕಡಿಯ ಕ್ರಮವನ್ನು ಒಂದು ಗುಲಗಂಜಿಯಷ್ಟೂ ಮೀರಲಿಲ್ಲ. ತೊಂದರೆ ಬಂದದ್ದು ಬೇರೆ ಕಡೆಯಿಂದ. ಹಲ್ಲಿನ ಸೆಟ್ಟು ಒಣಗಬಾರದು. ಒಣಗಿದರೆ ಸೊಟ್ಟಗಾಗುತ್ತದೆ, ಬಾಯಿಗೆ ಕೂರುವುದಿಲ್ಲ. ಈ ಕಸುಬಿನಲ್ಲಿ ಮೊದಲ ದಿನ ಕಲಿಸುವ ಪಾಠವೇ ಅದು. ಹೀಗಾಗಿ ಯಾವ ವಸ್ತುವನ್ನಾದರೂ ಚಿಕ್ಕಪ್ಪನ ಕೈಗೆ ಜೋಪಾನಕ್ಕೆ ಕೊಟ್ಟರೆ ಅವರ ಕೈ ತಾನಾಗಿ ಹತ್ತಿಯನ್ನು ಒದ್ದೆ ಮಾಡುತ್ತದೆ. ತಕ್ಕಡಿ ಹೇಳದೆ ಮಣ್ಣಿಗೆ ನೀರು ಹಾಕಬಾರದು ಎಂದಿದ್ದರು ತಾತ, ಚಿಕ್ಕಪ್ಪ ಹಾಕಲಿಲ್ಲ. ಕುಂಡ ತೂಗಿದ ಮೇಲೆ, ಕೆಂಪು ತಲೆ ಹಸಿರು ಕಾಂಡಕ್ಕೆ ಕೂಡುವ ಕತ್ತಿನ ಸುತ್ತ ಒದ್ದೆ ಹತ್ತಿಯ ಪಟ್ಟಿ ಸುತ್ತಿದರು. ಮತ್ತೆ ತೂಗುವ ಮೊದಲು ಬಿಚ್ಚಿದರು. ಕಸಿ ಕಳ್ಳಿಯಲ್ಲಿ ಎಲ್ಲಕ್ಕಿಂತ ನಾಜೂಕಾದ, ಎಲ್ಲಕ್ಕಿಂತ ಒಣಗಿರಬೇಕಾದ ಜಾಗ ಅದು.

ಒಂದು ಬೆಳಿಗ್ಗೆ ನಾನು ಲ್ಯಾಬಿಗೆ ಹೊರಟಾಗ ಚಿಕ್ಕಪ್ಪ ಕಿಟಕಿಯ ಬಳಿ ನಿಂತಿದ್ದರು.

"ಪುಟ್ಟಿ, ಇದು ಮೆತ್ತಗಿದ್ರೆ ಒಳ್ಳೇದಾ?"

ಮುಟ್ಟಿ ನೋಡಿದೆ. ಕೆಂಪು ತಲೆಯ ಬುಡದಲ್ಲಿ ಕಂದು ಬಣ್ಣ. ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಅದರ ಪಕ್ಕದಲ್ಲಿ ಮೊಳೆತಿದ್ದ ಪುಟ್ಟ ಮರಿಗುಂಡುಗಳೂ ಕರಗಿದ್ದವು. ತಟ್ಟೆಯಲ್ಲಿ ಹತ್ತಿಯ ಪಟ್ಟಿ ಕಂಡಿತು. ಹೆಚ್ಚು ಕೇಳುವ ಅಗತ್ಯ ಬೀಳಲಿಲ್ಲ. ತಲೆ ಉಳಿಯುವುದಿಲ್ಲ, ಈಗಲೇ ಕತ್ತರಿಸಿದರೆ ಕಾಂಡ ಉಳಿಯಬಹುದು ಎಂದೆ.

"ಕತ್ತರಿಸು ಅಂದ್ರೆ ಯಾರ ತಲೆ? ಇದರದಾ, ನನ್ನದಾ?"

ಅಂದು ಸಂಜೆಯೊಳಗೆ ಅವರು ಊರಿನ ಎಲ್ಲಾ ನರ್ಸರಿ ಸುತ್ತಿ ಬಂದರು. ಹಳದಿ ಇತ್ತು, ಕಿತ್ತಳೆ ಇತ್ತು. ಕೆಂಪು ಸಿಕ್ಕಿದ್ದು ಗೋಲಿಯಷ್ಟು. ತಾತನದಕ್ಕೆ ಅದು ಮೊಮ್ಮಗನಂತೆ ಕಾಣುತ್ತಿತ್ತು.

ಮರುದಿನ ಮುಂದಿನ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಅಕ್ರಿಲಿಕ್ಕಿನ ದ್ರಾವಣದ ಘಾಟು ಬರುತ್ತಿತ್ತು. ಬಾಗಿಲು ತೆರೆದಾಗ ನಾನೂ ಚಿಕ್ಕಮ್ಮನೂ ಒಟ್ಟಿಗೆ ಒಳಗೆ ಹೋದೆವು. ಕಿಟಕಿಯಲ್ಲಿ ಕಳ್ಳಿ ನಿಂತಿತ್ತು, ಕೆಂಪು ತಲೆ ಹೊತ್ತು.

ಕತ್ತರಿಸಿದ ತಲೆಯ ಅಚ್ಚು ತೆಗೆದು, ಮೇಣದಲ್ಲಿ ಎರಕ ಹೊಯ್ದು, ಒಸಡಿಗೆ ಬಳಸುವ ಗುಲಾಬಿ ಪುಡಿಗೆ ಕೆಂಪು ಬೆರೆಸಿ ಬೇಯಿಸಿದ್ದರು. ಒಸಡಿನಲ್ಲಿ ರಕ್ತನಾಳ ಕಾಣಲೆಂದು ಸೇರಿಸುವ ಸಣ್ಣ ಕೆಂಪು ನೂಲನ್ನು ಏಣುಗಳ ಉದ್ದಕ್ಕೂ ಎಳೆದಿದ್ದರು. ಮುಳ್ಳುಗಳು ಹೊಸ ಟೂತ್‌ಬ್ರಶ್ಶಿನ ಎಳೆಗಳು. ಮರಿಗಳೂ ಇದ್ದವು, ಒಂದು ಮರಿ ಬೇಕೆಂದೇ ಸ್ವಲ್ಪ ಸುಕ್ಕಾಗಿತ್ತು. ಸತ್ತ ತಲೆಯನ್ನು ತೂಗಿ, ಅಷ್ಟೇ ತೂಕ ಬರುವ ಹಾಗೆ ಇದನ್ನು ಒಳಗಿನಿಂದ ಟೊಳ್ಳು ಮಾಡಿದ್ದರು. ಕಾಂಡದ ಗಾಯ ಒಣಗಲೆಂದು ಅಡಿಯಲ್ಲಿ ಗಾಳಿಗೆ ಸಂದು ಬಿಟ್ಟು, ಮೂರು ಸಣ್ಣ ತಂತಿಯ ಕೊಕ್ಕೆಗಳಿಂದ ಕೂರಿಸಿದ್ದರು.

ನಾನು ಭೂತಗನ್ನಡಿ ತಂದು ನೋಡಿದೆ. ಗಿಡಗಳನ್ನೇ ಓದಿದ ನನಗೂ ಮುಟ್ಟಿದ ಮೇಲಷ್ಟೇ ಗೊತ್ತಾಯಿತು.

ಚಿಕ್ಕಮ್ಮ ಬಗ್ಗಿ ದಿಟ್ಟಿಸಿದರು. "ರೀ, ಈ ಬಣ್ಣ..."

"ನಿನ್ನ ನೇಲ್ ಪಾಲಿಶ್. ಮೇಲಿನ ಒಂದು ಕೋಟು ಮಾತ್ರ."

"ಒಂದು ಕೋಟಿಗೆ ಬಾಟ್ಲಿ ಖಾಲಿ ಆಯ್ತಾ?"

"ಮರಿಗಳೂ ಇವೆಯಲ್ಲ!"

"ನನ್ನ ಮುಖ ಒಂದು ದಿನ ಇಷ್ಟು ಹತ್ರದಿಂದ ನೋಡಿದೀರಾ?" ಎಂದು ಚಿಕ್ಕಮ್ಮ ಕೇಳಿದರು. ಆಮೇಲೆ ನಿಟ್ಟುಸಿರು ಬಿಟ್ಟು, "ಅಪ್ಪನಿಗೆ ಗೊತ್ತಾದ್ರೆ ನನ್ನ ಹೆಸರು ಎತ್ತಬೇಡಿ," ಎಂದರು.

ತಾತ ಕಪ್ಪು ಕನ್ನಡಕ ಹಾಕಿಕೊಂಡು ಬಂದಿಳಿದರು. ಚೀಲ ಕೆಳಗಿಡುವ ಮೊದಲೇ ಕಿಟಕಿಗೆ ಹೋದರು. ಕನ್ನಡಕ ತೆಗೆದರು.

"ಅಬ್ಬಾ! ಏನು ಬಣ್ಣ ಇದು!"

ಪೊರೆ ತೆಗೆಸಿದವರಿಗೆ ಬಣ್ಣಗಳೆಲ್ಲ ಹೊಸದಾಗಿ ಕಾಣುತ್ತವೆ. ದಾರಿಯುದ್ದಕ್ಕೂ ಅವರು ಬಸ್ಸು, ಬಕೆಟ್ಟು, ಆಕಾಶಗಳಿಗೆಲ್ಲ ಹೀಗೇ ಉದ್ಗರಿಸುತ್ತ ಬಂದಿದ್ದರು. ಆಮೇಲೆ ಕುಂಡವನ್ನು ತಕ್ಕಡಿಯಲ್ಲಿಟ್ಟರು. ಮುಳ್ಳು ನಡುವೆ ನಿಂತಿತು. ತಾತ ಚಿಕ್ಕಪ್ಪನ ಹೆಗಲ ಮೇಲೆ ಕೈ ಹಾಕಿದರು. ನನಗೆ ತಿಳಿದ ಮಟ್ಟಿಗೆ ಅದೇ ಮೊದಲು.

"ಗೆದ್ರಿ ಅಳಿಯಂದಿರೇ. ಕಣ್ಣಿನ ಡ್ರಾಪ್ಸ್ ಮುಗೀಲಿ, ಆಮೇಲೆ ಬಾಯಿ."

ಚಿಕ್ಕಪ್ಪ ಸುಖವಾಗಿರಬೇಕಿತ್ತು. ಇರಲಿಲ್ಲ. ತಾತ ಓಣಿಯಲ್ಲಿ ಹೋಗಿ ಬರುವವರನ್ನೆಲ್ಲ ಒಳಗೆ ಕರೆದು ಗಿಡ ತೋರಿಸತೊಡಗಿದರು. "ನಮ್ಮ ಅಳಿಯನ ಕೈಗುಣ ನೋಡಿ. ನಾನು ನೋಡ್ಕೋತಿದ್ದಾಗ ಇಷ್ಟು ಹೊಳಪಿರಲಿಲ್ಲ." ಗಿಡಕ್ಕಿದ್ದ ಅಡ್ಡಹೆಸರನ್ನೂ ಅವರು ಸದ್ದಿಲ್ಲದೆ ಕೈಬಿಟ್ಟರು. ಅದು ಚಿಕ್ಕಪ್ಪನನ್ನು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಚಿಕ್ಕಮ್ಮ ದಿನಾ ಬೆಳಿಗ್ಗೆ ಕಿಟಕಿ ಒರೆಸುವಾಗ ಕಳ್ಳಿಯ ತಲೆಯನ್ನೂ ಬಟ್ಟೆಯಿಂದ ಒರೆಸಿ, ಗಂಡನ ಕಡೆ ಒಂದು ನೋಟ ಬೀರಿ ಹೋಗುತ್ತಿದ್ದರು.

ಅಚ್ಚು ತೆಗೆಯಲು ಗೊತ್ತುಮಾಡಿದ ದಿನ ಬಂತು. ಕಿಟಕಿಯ ಪಕ್ಕ ಕುರ್ಚಿ ಹಾಕಿ, ತಾತನ ಎದೆಯ ಮೇಲೆ ಟವೆಲ್ ಹೊದಿಸಿ, ಚಿಕ್ಕಪ್ಪ ರಬ್ಬರ್ ಬಟ್ಟಲು ಕೈಗೆತ್ತಿಕೊಂಡರು. ಅಚ್ಚಿನ ಪುಡಿಗೆ ನೀರು ಹಾಕುವುದು ನನ್ನ ಪಾಲಿಗೆ ಬಂದಿತ್ತು. ತಾತ ಬಹಳ ಗೆಲುವಾಗಿದ್ದರು.

"ಒಬ್ಬ ವ್ಯಾಪಾರಿ ಇದ್ದ," ಎಂದು ಶುರು ಮಾಡಿದರು. "ಬಟ್ಟು ಕೊರೆದು ಒಳಗೆ ಟೊಳ್ಳು ಮಾಡಿದ್ದ. ಮೇಲಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ನಾನು ಕೈಲಿ ಹಿಡಿದ ತಕ್ಷಣ ಹೇಳಿದೆ. ಯಾರೂ ನನಗೆ ಟೊಳ್ಳು ವಸ್ತು ಕೊಟ್ಟು ದಕ್ಕಿಸಿಕೊಂಡಿಲ್ಲ, ಅಳಿಯಂದಿರೇ. ನನಗೆ ಈ ಪ್ರಪಂಚದಲ್ಲಿ ಆಗದೇ ಇರೋದು ಅಂದ್ರೆ ಅದೊಂದೇ. ಹೂಂ, ನಡೀಲಿ." ಕಣ್ಣು ಮುಚ್ಚಿ ಬಾಯಿ ತೆರೆದರು.

ಹಳೆಯ ಸೆಟ್ಟು ತೆಗೆದ ಆ ಬಾಯಿಯಲ್ಲಿ, ಒಸಡಿನ ಮೇಲೆ, ಸರಿಯಾಗಿ ಕೂರದ ಹಲ್ಲು ವರ್ಷಗಟ್ಟಲೆ ಉಜ್ಜಿದ ಕೆಂಪು ಗುರುತುಗಳಿದ್ದವು. ಚಿಕ್ಕಪ್ಪ ಅವನ್ನು ನೋಡುತ್ತ ನಿಂತರು. ಬಟ್ಟಲು ಕೆಳಗಿಟ್ಟರು.

"ಮಾವ, ಬಾಯಿ ಮುಚ್ಚಿ."

"ಆಯ್ತಾ? ಇಷ್ಟು ಬೇಗ?"

ಚಿಕ್ಕಪ್ಪ ಕಿಟಕಿಗೆ ಕೈ ಚಾಚಿ ಕಳ್ಳಿಯ ತಲೆ ಹಿಡಿದು ತಿರುಗಿಸಿದರು. ಟಕ್ಕೆಂದು ಬಂತು. ಅದನ್ನು ತಾತನ ಅಂಗೈಯಲ್ಲಿಟ್ಟರು.

"ನಿಮ್ಮ ಗಿಡದ ತಲೆ ನಾನೇ ಕೊಳೆಸಿದೆ. ಒದ್ದೆ ಹತ್ತಿ ಸುತ್ತಿದ್ದೆ. ಇದು ನಾನು ಮಾಡಿದ್ದು. ಇದೂ ಟೊಳ್ಳೇ."

ಬಾಗಿಲಲ್ಲಿದ್ದ ಚಿಕ್ಕಮ್ಮ ಮೆಲ್ಲಗೆ ಅಡುಗೆಮನೆಗೆ ಜಾರಿದರು. ತಾತ ಆ ತಲೆಯನ್ನು ಅಂಗೈಯಲ್ಲಿ ಕುಲುಕಿದರು. ಬೆಳಕಿಗೆ ಹಿಡಿದರು. ಒಂದು ಮುಳ್ಳನ್ನು ಬಗ್ಗಿಸಿ ಬಿಟ್ಟರು. ಅದು ಟೂತ್‌ಬ್ರಶ್ಶಿನ ಹಾಗೇ ಸೆಟೆದು ನಿಂತಿತು. ಸುಕ್ಕಾದ ಮರಿಯ ಮೇಲೆ ಬೆರಳಾಡಿಸಿದರು.

"ನಾನು ಸೀಲು ಹಾಕಿಬಿಟ್ಟೆ," ಎಂದರು ಕೊನೆಗೆ. ಹಲ್ಲಿಲ್ಲದ ಬಾಯಿಂದ ಬಂದ ಮಾತು ಮೆತ್ತಗಿತ್ತು. "ಅದೂ ಆಪರೇಶನ್ ಆದ ಕಣ್ಣಿಂದ." ಮತ್ತೆ ಕೇಳಿದರು, "ಕೆಳಗಿಂದು?"

"ಅದು ನಿಜವಾದ್ದು, ಮಾವ."

"ಪುಟ್ಟಿ?"

ನಾನು ಕಾಂಡದ ಗಾಯ ತೋರಿಸಿದೆ. ಚೆನ್ನಾಗಿ ಒಣಗಿ ಮುಚ್ಚಿಕೊಂಡಿತ್ತು. ಒಂದು ಅಂಚಿನಲ್ಲಿ ಸಾಸಿವೆಯಷ್ಟು ಹಸಿರು ಮೊಳಕೆಯೂ ಇತ್ತು. ತಾತ ಅದನ್ನು ಬಹಳ ಹೊತ್ತು ನೋಡಿ, ಕುರ್ಚಿಯಲ್ಲಿ ನೆಟ್ಟಗೆ ಕೂತು, ಇಲಾಖೆಯ ಧ್ವನಿಯಲ್ಲಿ ತೀರ್ಪು ಕೊಟ್ಟರು.

"ಮೇಲಿನದು ನಕಲಿ. ಇದು ಜಪ್ತಿ." ಕೆಂಪು ತಲೆ ಅವರ ಜೇಬಿಗೆ ಹೋಯಿತು. "ಕೆಳಗಿನದು ಜೀವಂತ. ಆಡಿದ ಮಾತು ಆಡಿದ್ದೇ. ಅರ್ಧ ಗಿಡ ಉಳಿಸಿದೀರಿ, ಅರ್ಧ ಬಾಯಿ ಕೊಡ್ತೀನಿ. ಕೆಳಗಿನ ಸೆಟ್ಟು ಮಾತ್ರ."

"ಮಾವ..."

"ಮೇಲ್ಮನವಿಗೆ ಅವಕಾಶ ಇಲ್ಲ." ಬಾಯಿ ತೆರೆದರು.

ಚಿಕ್ಕಪ್ಪ ನನ್ನ ಮುಖ ನೋಡಿದರು. ಅವರ ಸಂಕಟ ನನಗೆ ಗೊತ್ತಾಯಿತು. ಹಲ್ಲಿನ ಎರಡು ಸಾಲು ಒಂದಕ್ಕೊಂದು ಕೂಡಿದರಷ್ಟೇ ಬಾಯಿ. ಸೊಟ್ಟಗಿರುವ ಹಳೆಯ ಮೇಲ್ಸಾಲಿಗೆ ಹೊಂದಬೇಕಾದರೆ ಹೊಸ ಕೆಳಸಾಲನ್ನೂ ಸೊಟ್ಟಗೇ ಮಾಡಬೇಕು. ಆದರೂ ಅವರು ಪುಡಿ ಕಲಸಿದರು, ಲೋಹದ ತಟ್ಟೆಗೆ ತುಂಬಿ ತಾತನ ಕೆಳ ಒಸಡಿನ ಮೇಲೆ ಒತ್ತಿ ಹಿಡಿದರು. ಅದು ಗಟ್ಟಿಯಾಗುವವರೆಗೆ ಮಾತಾಡುವ ಹಾಗಿಲ್ಲ. ಆ ಮನೆಯಲ್ಲಿ ತಾತ ಸುಮ್ಮನಿದ್ದು ಚಿಕ್ಕಪ್ಪ ಮಾತಾಡಿದ್ದು ಅದೊಂದೇ ಸಲ.

"ಮಾವ, ತಕ್ಕಡಿಯ ಒಂದು ತಟ್ಟೆ ಮಾತ್ರ ಸರಿ ಮಾಡಿ ಅಂತ ನೀವು ಯಾವ ಅಂಗಡಿಯವನಿಗಾದ್ರೂ ಹೇಳಿದ್ರಾ? ಇನ್ನೊಂದು ತಟ್ಟೆ ಸೊಟ್ಟಗಿರಲಿ, ಮುಳ್ಳು ತಾನಾಗಿ ನಡುವೆ ನಿಲ್ಲುತ್ತೆ ಅಂತ ಬಿಟ್ಟು ಬಂದ್ರಾ? ನಿಮ್ಮ ಮೇಲಿನ ಸೆಟ್ಟು ಎಡಗಡೆ ಇಳಿದಿದೆ. ನೀವು ಅಗಿಯೋದೆಲ್ಲ ಬಲಗಡೆ. ನನಗೆ ಗೊತ್ತು. ನಾನು ಊಟ ಬಿಟ್ಟು ಅದನ್ನೇ ನೋಡ್ತಿರ್ತೀನಿ. ನಿಮಗೆ ಒಸಡು ಉರಿಯುತ್ತೆ, ಹೇಳಲ್ಲ. ನೀವು ಗಟ್ಟಿ ಪದಾರ್ಥ ತಟ್ಟೆ ಪಕ್ಕಕ್ಕೆ ಸರಿಸಿ, ಹಸಿವಿಲ್ಲ ಅಂತೀರಿ. ಹಸಿವಿರುತ್ತೆ. ಪಂದ್ಯ ಸೋತೆ, ಒಪ್ಪಿದೆ. ಬೇಕಾದ್ರೆ ಜೀವಮಾನ ಪೂರ್ತಿ ಮನೆ ಅಳಿಯ ಅಂತ ಕರೀರಿ. ಆದ್ರೆ ಅರ್ಧ ಬಾಯಿ ಮಾತ್ರ ಮಾಡೋಕೆ ನನ್ನ ಕೈ ಏಳಲ್ಲ."

ಅಚ್ಚು ಗಟ್ಟಿಯಾಯಿತು. ಚಿಕ್ಕಪ್ಪ ಅಂಚನ್ನು ಬೆರಳಿನಿಂದ ಬಿಡಿಸಿ ಹೊರಕ್ಕೆ ತೆಗೆದರು. ತಾತ ಬಾಯಿ ಮುಕ್ಕಳಿಸಿ ಉಗಿದರು. ಟವೆಲ್ಲಿನಿಂದ ಗಲ್ಲ ಒರೆಸಿಕೊಂಡರು.

"ಇಷ್ಟೆಲ್ಲ ನೋಡ್ತಿದ್ರಾ?"

"ಮೂರು ಹೊತ್ತೂ."

"ಅದಕ್ಕೇ ನಿಮ್ಮ ತಟ್ಟೇಲಿ ಊಟ ಉಳೀತಿತ್ತು. ಅಡುಗೆ ಸರಿ ಇಲ್ಲ ಅಂತ ನಾನು ಮಗಳನ್ನ ಬೈತಿದ್ದೆ."

"ಅಪ್ಪಾ!" ಎಂದಿತು ಅಡುಗೆಮನೆ.

ತಾತ ಟವೆಲ್ಲನ್ನು ಮತ್ತೆ ಎದೆಯ ಮೇಲೆ ಹರಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದು ಬಟ್ಟಲು ಕಲಸು ಪುಟ್ಟಿ. ನಿಮ್ಮ ಚಿಕ್ಕಪ್ಪನಿಗೆ ಮೇಲಿಂದೂ ಬೇಕಂತೆ," ಎಂದರು.

ಸೆಟ್ಟು ಸಿದ್ಧವಾಗಲು ಸಮಯ ಹಿಡಿಯಿತು. ಅಷ್ಟರಲ್ಲಿ ಕಾಂಡದ ಮೊಳಕೆ ಬೆರಳುದ್ದವಾಯಿತು. ನರ್ಸರಿಯಿಂದ ಗೋಲಿಯಷ್ಟು ಕೆಂಪು ತಲೆ ತಂದು ಅದರ ಮೇಲೆ ಕಸಿ ಮಾಡೋಣವೇ ಎಂದು ಕೇಳಿದೆ. ತಾತ ಬೇಡವೆಂದರು. ಗಿಡ ಈಗ ಬರೀ ಹಸಿರು.

ಹೊಸ ಹಲ್ಲು ಹಾಕಿಕೊಂಡು ತಾತ ಮೊದಲ ಊಟಕ್ಕೆ ಕೂತಾಗ ಚಿಕ್ಕಪ್ಪ ಎದುರಿನ ಕುರ್ಚಿಯಲ್ಲಿದ್ದರು. ತಮ್ಮ ತಟ್ಟೆಯನ್ನು ಅವರು ಮುಟ್ಟಲಿಲ್ಲ. ತಾತ ಒಂದು ತುತ್ತು ಬಾಯಿಗಿಟ್ಟರು. ಅಗಿದರು. ಟಕಟಕ ಇಲ್ಲ. ಇನ್ನೊಂದು ತುತ್ತು, ಎಡಗಡೆ. ಚಿಕ್ಕಪ್ಪನ ದವಡೆಯೂ ತಾತನದರ ಜೊತೆ ಜೊತೆಗೇ ಆಡುತ್ತಿತ್ತು. ಚಿಕ್ಕಮ್ಮ ಬಡಿಸುವ ಸೌಟು ಹಿಡಿದೇ ನಿಂತುಬಿಟ್ಟರು. ತಾತ ಕ್ಯಾರೆಟ್ಟಿನ ತುಂಡೊಂದನ್ನು ಎತ್ತಿ, ನಮ್ಮೆಲ್ಲರನ್ನೂ ಒಮ್ಮೆ ನೋಡಿ, ಕಚ್ಚಿದರು. ಕಟಂ ಎಂದಿತು.

"ಹೇಗಿದೆ ಮಾವ?" ಎಂದು ಚಿಕ್ಕಪ್ಪ ಕೇಳಿದರು.

"ತಿನ್ನೋನ ಬಾಯನ್ನ ಹೀಗೆ ನೋಡಿದ್ರೆ ಹೊಟ್ಟೆನೋವು ಬರುತ್ತೆ. ನಿಮ್ಮ ಊಟ ನೀವು ಮಾಡಿ."

ಚಿಕ್ಕಪ್ಪ ತುತ್ತು ಕಲಸಿದರು. ಬಾಯಿಗೆ ಒಯ್ಯುವಷ್ಟರಲ್ಲಿ ಅವರ ಹುಬ್ಬು ಗಂಟಿಕ್ಕಿತು. ಮುಂದಕ್ಕೆ ಬಾಗಿದರು.

"ಇನ್ನೊಂದ್ಸಲ ಕಚ್ಚಿ, ಮಾವ. ಎಡಗಡೆ ಹಿಂದಿನ ದವಡೆ ಹಲ್ಲು ಚೂರು ಎತ್ತರ ಇದೆ."

"ನನಗೇನೂ ಅನ್ನಿಸ್ತಿಲ್ಲ."

"ನಿಮಗೆ ಅನ್ನಿಸಲ್ಲ. ನನಗೆ ಕಾಣಿಸ್ತಿದೆ. ತೆಗೆದು ಕೊಡಿ, ಒಂದೇ ನಿಮಿಷ."

"ರೀ, ಊಟದ ನಡುವೆ!"

ಆದರೆ ತಾತ ಆಗಲೇ ತೆಗೆದು ಕೊಟ್ಟಿದ್ದರು. ಮುಂದಿನ ಕೋಣೆಯಲ್ಲಿ ಅರದ ಮೋಟಾರು ಗುಯ್ ಎಂದಿತು, ನಿಂತಿತು, ಮತ್ತೆ ಗುಯ್ ಎಂದಿತು. ತಾತ ಬೋಳು ಬಾಯಲ್ಲಿ, ಕಚ್ಚಿದ ಕ್ಯಾರೆಟ್ಟನ್ನು ಕೈಯಲ್ಲೇ ಹಿಡಿದು, ಬಾಗಿಲ ಕಡೆ ಕೂಗಿದರು: "ಬೇಗ ಬನ್ರೀ, ಊಟ ಆರ್ತಿದೆ! ನಿಮ್ಮದೂ!"